ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರಿನ ಗಿಯರಿಗೆ ಜಲ್ಲಿ ಸಿಕ್ಕದ ಹಾಗೆ ಮಾಡುವುದು ಹೇಗೆ?

ನಿಮ್ಮದು 1/10 ಅಳತೆಯ ಫೋರ್ ವೀಲ್ ಡ್ರೈವ್ ಟ್ರಕ್. ವಿರಾಜಪೇಟೆ ಹತ್ತಿರ ತೋಟದ ರಸ್ತೆಯಲ್ಲಿ ಓಡಿಸುತ್ತೀರಿ. ಪ್ಲಾಸ್ಟಿಕ್ ಸ್ಪರ್ ಗಿಯರ್‌ನ ಹಲ್ಲು ಪದೇ ಪದೇ ಹೋಗುತ್ತಿದೆ. ಸ್ಪರ್ ಅಂದರೆ ಮೋಟರಿನ ಸಣ್ಣ ಗಿಯರ್ ತಿರುಗಿಸುವ ದೊಡ್ಡ ಗಿಯರ್. ಚಾಸಿಸ್‌ನಲ್ಲಿರುವ ತೂತುಗಳಿಗೆಲ್ಲ ಟೇಪ್ ಹಾಕಿ ಮುಚ್ಚಿಬಿಡಲಾ ಅಂತ ಕೇಳಿದ್ದೀರಿ.

ಟೇಪ್ ಬೇಡ. ಎಷ್ಟೇ ಮುಚ್ಚಿದರೂ ಮೇಲಿನಿಂದ, ಪಕ್ಕದಿಂದ ಕಲ್ಲು ಬಂದೇ ಬರುತ್ತದೆ. ತಳ ಮುಚ್ಚಿದ್ದರೆ ಬಂದ ಕಲ್ಲಿಗೆ ಹೊರಗೆ ಬೀಳಲು ದಾರಿ ಇಲ್ಲ, ಚಾಸಿಸ್ ಒಳಗೇ ಕುಣಿದು ಕೊನೆಗೆ ಗಿಯರಿನ ಬಾಯಿಗೆ ಹೋಗುತ್ತದೆ. ಸಾಲದ್ದಕ್ಕೆ ಟೇಪಿನ ಅಂಚಿನ ಅಂಟಿಗೆ ಮರಳು ಮೆತ್ತಿಕೊಳ್ಳುತ್ತದೆ. ಗಿಯರನ್ನು ಮಾತ್ರ ಚೆನ್ನಾಗಿ ಮುಚ್ಚಿ, ಉಳಿದ ಕಡೆ ಕಲ್ಲು ಬರುವ ದಾರಿಯನ್ನು ಕಿರಿದು ಮಾಡಿ, ಹೋಗುವ ದಾರಿಯನ್ನು ತೆರೆದಿಡಿ. ನಾನು ಸೋಮವಾರಪೇಟೆ ಕಡೆಯವನು, ನಮ್ಮಲ್ಲೂ ಅದೇ ಜಲ್ಲಿ, ಅದೇ ಕೆಂಪು ಮಣ್ಣು. ನನ್ನ ಗಾಡಿಯನ್ನು ಇದೇ ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ಮೊದಲು ಹಾಳಾದ ಸ್ಪರ್ ಗಿಯರನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲ ಹಾಳಾಗುವಿಕೆಯೂ ಕಲ್ಲಿನಿಂದಲ್ಲ. ಒಂದೆರಡು ಹಲ್ಲು ಮಾತ್ರ ಮುರಿದಿದ್ದರೆ, ಅಥವಾ ಹಲ್ಲಿನ ಮೇಲೆ ಗುಂಡಿ ಬಿದ್ದಿದ್ದರೆ ಅದು ಕಲ್ಲಿನ ಕೆಲಸ. ಸುತ್ತಲೂ ಎಲ್ಲ ಹಲ್ಲುಗಳ ತುದಿ ಒಂದೇ ಸಮ ಸವೆದಿದ್ದರೆ ಪಿನಿಯನ್ (ಮೋಟರ್ ಶಾಫ್ಟಿನ ಸಣ್ಣ ಗಿಯರ್) ಸರಿಯಾಗಿ ಕೂತಿಲ್ಲ, ಮೋಟರ್ ಸ್ಕ್ರೂ ಸಡಿಲ ಆಗಿದೆ ಅಂತ ಅರ್ಥ. ಪ್ಲಾಸ್ಟಿಕ್ ಕರಗಿದ ಹಾಗೆ ಕಂಡರೆ ಬಿಸಿ ಜಾಸ್ತಿಯಾಗಿದೆ, ಹೆಚ್ಚಾಗಿ ಎರಡು ಗಿಯರ್ ತೀರಾ ಒತ್ತಿಕೊಂಡಿರುತ್ತವೆ. ಈ ಎರಡು ಕಾಯಿಲೆಗೆ ಯಾವ ಕವರ್ ಹಾಕಿದರೂ ಗುಣ ಇಲ್ಲ. ಮೋಟರ್ ಸ್ಕ್ರೂ ಸಡಿಲಿಸಿ, ಎರಡು ಗಿಯರಿನ ನಡುವೆ ಪ್ರಿಂಟರ್ ಕಾಗದದ ಒಂದು ಪಟ್ಟಿ ಇಟ್ಟು, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಮಾಡಿ, ಆಮೇಲೆ ಗಿಯರ್ ತಿರುಗಿಸಿ ಕಾಗದ ಹೊರತೆಗೆಯಿರಿ. ಸ್ಪರ್ ಗಿಯರ್ ಬೆರಳಲ್ಲಿ ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಟ ಸಿಗಬೇಕು. ಸುತ್ತು ಪೂರ್ತಿ ತಿರುಗಿಸಿ ಎಲ್ಲ ಕಡೆ ನೋಡಿ, ಯಾಕೆಂದರೆ ಪ್ಲಾಸ್ಟಿಕ್ ಗಿಯರ್ ಪೂರ್ತಿ ದುಂಡಗೆ ಇರುವುದು ಅಪರೂಪ.

ಕಲ್ಲೇ ಕಾರಣ ಅಂತ ಗೊತ್ತಾದರೆ ಮುಂದಿನ ಮಾತು. ಫೋರ್ ವೀಲ್ ಡ್ರೈವ್‌ನಲ್ಲಿ ಒಳಗೆ ಬರುವ ಕಲ್ಲನ್ನು ಎಸೆಯುವುದು ಹೆಚ್ಚಾಗಿ ಮುಂದಿನ ಚಕ್ರ. ಹಿಂದಿನ ಚಕ್ರ ಎಸೆದದ್ದು ಗಾಡಿಯ ಹಿಂದಕ್ಕೆ ಹೋಗುತ್ತದೆ, ಮುಂದಿನದು ಎಸೆದದ್ದು ನೇರ ಚಾಸಿಸ್ ಪಕ್ಕಕ್ಕೆ, ಬಾಡಿಯ ಕೆಳಗೆ. ಆದ್ದರಿಂದ ಮುಂದಿನ ಚಕ್ರದ ಹಿಂದೆ ಒಂದು ಮಡ್‌ಗಾರ್ಡ್ ಬೇಕೇ ಬೇಕು. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಸಣ್ಣ ಸ್ಕ್ರೂನಲ್ಲಿ ಕೂರಿಸಿದರೆ ಸಾಕು. ರಬ್ಬರ್ ಬಾಗುತ್ತದೆ, ಹೊಡೆತ ತಿಂದು ಕಲ್ಲನ್ನು ಕೆಳಗೆ ಬೀಳಿಸುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಸಸ್ಪೆನ್ಷನ್ ಒತ್ತಿ, ಚಕ್ರಕ್ಕೆ ತಾಗುವುದಿಲ್ಲ ಅಂತ ನೋಡಿಕೊಳ್ಳಿ.

ಇನ್ನು ಬಾಡಿ ಮತ್ತು ಚಾಸಿಸ್ ನಡುವಿನ ಸಂದು. ಇದಕ್ಕೆ ಕಾಫಿ ನರ್ಸರಿಗೆ ಕಟ್ಟುವ ಶೇಡ್ ನೆಟ್ ಚೆನ್ನಾಗಿ ಆಗುತ್ತದೆ. ಗಾಳಿ ಆಡುತ್ತದೆ, ಜಲ್ಲಿ ಚೂರು ನುಗ್ಗುವುದಿಲ್ಲ. ಕೊಡಗಿನಲ್ಲಿ ಯಾರ ಮನೆ ಹಿಂದೆಯಾದರೂ ಒಂದು ತುಂಡು ಬಿದ್ದಿರುತ್ತದೆ, ದುಡ್ಡು ಕೊಡಬೇಕಾಗಿಲ್ಲ! ಆದರೆ ಕತ್ತರಿಸಿದ ಅಂಚು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಆ ಎಳೆ ಡ್ರೈವ್ ಶಾಫ್ಟಿಗೆ ಸುತ್ತಿಕೊಂಡರೆ ಜಲ್ಲಿಗಿಂತ ದೊಡ್ಡ ತಲೆನೋವು. ಅಂಚನ್ನು ಬಿಸಿ ಚಾಕುವಿನಿಂದ ಸೀಲ್ ಮಾಡಿ, ವೆಲ್ಕ್ರೋದಲ್ಲಿ ಅಂಟಿಸಿ.

ಸ್ಪರ್ ಗಿಯರಿನ ಕವರ್ ಮೇಲೆ ಮಾತ್ರ ಜಿಪುಣತನ ಬೇಡ. ಗಾಡಿ ಜೊತೆ ಬಂದ ಕವರನ್ನು ಕಳಚಿಟ್ಟಿದ್ದರೆ ಇವತ್ತೇ ಹಾಕಿ. ಪಿನಿಯನ್ ಒಳಗೆ ಬರುವ ಜಾಗದಲ್ಲಿ ಸಂದು ಇದ್ದರೆ ತೆಳು ಸ್ಪಂಜಿನಿಂದ ಮುಚ್ಚಿ, ಸ್ಪಂಜ್ ಗಿಯರಿಗೆ ತಾಗಬಾರದು. ಕವರೇ ಇಲ್ಲದ ಮಾಡೆಲ್ ಆದರೆ ದಪ್ಪ ನೀರಿನ ಬಾಟಲಿಯ ಪ್ಲಾಸ್ಟಿಕ್ ಕತ್ತರಿಸಿ ಮೇಲಿನಿಂದ ಮತ್ತು ಪಕ್ಕದಿಂದ ಗೂಡು ಮಾಡಿ, ಕೆಳಗೆ ತೆರೆದಿರಲಿ. ತೆರೆದ ಸ್ಪರ್ ಗಿಯರಿಗೆ ಗ್ರೀಸ್ ಹಚ್ಚಬೇಡಿ. ಗ್ರೀಸಿಗೆ ಮರಳು ಕಲಸಿದರೆ ಅದು ಉಜ್ಜುವ ಪೇಸ್ಟ್ ಆಗುತ್ತದೆ. ಗ್ರೀಸ್, ಸಿಲಿಕಾನ್ ಎಣ್ಣೆ ಎಲ್ಲ ಮುಚ್ಚಿದ ಡಿಫ್ (ಡಿಫರೆನ್ಷಿಯಲ್, ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರ್ ಪೆಟ್ಟಿಗೆ) ಒಳಗೆ ಇರಲಿ.

ಸ್ಲಿಪ್ಪರ್ ಕ್ಲಚ್ (ಜಾಸ್ತಿ ಹೊರೆ ಬಿದ್ದಾಗ ಜಾರಿ ಏಟು ತಗ್ಗಿಸುವ ಕ್ಲಚ್) ಸಡಿಲ ಮಾಡಿದರೆ ಹಲ್ಲು ಉಳಿಯುತ್ತದೆ ಅಂತ ಕೆಲವರು ಹೇಳುತ್ತಾರೆ. ಅರ್ಧ ನಿಜ. ಸ್ಲಿಪ್ಪರ್ ಇರುವುದು ಸ್ಪರ್ ಗಿಯರ್ ಆದಮೇಲೆ. ಪಿನಿಯನ್ ಮತ್ತು ಸ್ಪರ್ ನಡುವೆಯೇ ಕಲ್ಲು ಕಚ್ಚಿಕೊಂಡರೆ ಅದು ಏನೂ ಮಾಡಲಾರದು. ಆದರೆ ಕಾಫಿ ಒಣಗಿಸುವ ಕಣದಲ್ಲಿ ಓಡಿಸುವಾಗ ಒಣಗಿದ ಚೆರಿಯೊಂದು ಸಸ್ಪೆನ್ಷನ್ ಆರ್ಮ್ ಮತ್ತು ಡ್ರೈವ್ ಶಾಫ್ಟ್ ನಡುವೆ ಸಿಕ್ಕಿ ಚಕ್ರ ಲಾಕ್ ಆಯಿತು ಅನ್ನಿ, ಆಗ ಸ್ಲಿಪ್ಪರ್ ಜಾರಿ ಹಲ್ಲು ಮತ್ತು ಡಿಫ್ ಎರಡನ್ನೂ ಕಾಪಾಡುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಇಡಿ.

ಕಣದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಅಲ್ಲಿ ನೆಲ ನುಣುಪು ಅಂತ ನಂಬಬೇಡಿ. ಗೋಣಿಚೀಲದ ನೂಲು ಬಿದ್ದಿರುತ್ತದೆ. ಅದು ಚಕ್ರದ ಒಳಬದಿಯ ಬೇರಿಂಗ್ ಪಕ್ಕ ಸುತ್ತಿಕೊಂಡು ಸೀಲನ್ನೇ ಕಿತ್ತುಹಾಕುತ್ತದೆ. ಆಗಾಗ ಚಕ್ರ ಬಿಚ್ಚಿ ನೋಡಿ, ನೂಲಿದ್ದರೆ ಬ್ಲೇಡ್ ಮತ್ತು ಸೂಜಿಯಿಂದ ತೆಗೆಯಿರಿ. ಬೇರಿಂಗ್ ಬದಲಿಸುವಾಗ ಲೋಹದ ಮುಚ್ಚಳದ್ದು ಬೇಡ, ರಬ್ಬರ್ ಸೀಲ್ ಇರುವುದೇ ಕೊಳ್ಳಿ.

ಮೇಲೆ ಹೇಳಿದ್ದನ್ನೆಲ್ಲ ಹಾಕಿದ ಮೇಲೆ ಮೋಟರ್ ಬಿಸಿ ನೋಡಲೇಬೇಕು. ನಾನು 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನಿಲ್ಲಿಸುತ್ತೇನೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರು ಮಾಡುತ್ತದೆ. ಕೋವಿಡ್ ಕಾಲದ ಹಣೆಗೆ ಹಿಡಿಯುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ, ಅದು ಸಾಮಾನ್ಯವಾಗಿ ಜ್ವರದ ಮಟ್ಟದ ಆಚೆ ಅಳೆಯುವುದಿಲ್ಲ. ವರ್ಕ್‌ಶಾಪಿನವರು ಬಳಸುವ ಇನ್‌ಫ್ರಾರೆಡ್ ಗನ್ ಬೇಕು. ಬಿಸಿ ಏರುತ್ತಿದ್ದರೆ ಹಿಂದಿನ ನೆಟ್ ತೆಗೆಯಿರಿ, ಮುಂದಿನದು ಇರಲಿ.

ಓಡಿಸಿ ಬಂದ ಮೇಲೆ ಪೈಪ್ ಹಿಡಿದು ತೊಳೆಯಬೇಡಿ, ಮರಳು ಬೇರಿಂಗ್ ಒಳಗೆ ಹೋಗುತ್ತದೆ. ಒಣಗಲು ಬಿಟ್ಟು ಪೇಂಟ್ ಬ್ರಷ್‌ನಲ್ಲಿ ಗುಡಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಊರಿನ ತೇವಕ್ಕೆ ಸ್ಟೀಲ್ ಪಿನಿಯನ್ ತುಕ್ಕು ಹಿಡಿಯುತ್ತದೆ, ಒರೆಸಿ ಒಣಗಿಸಿಯೇ ಎತ್ತಿಡಿ.

ಇಷ್ಟಾದರೂ ಹಲ್ಲು ಹೋಗುತ್ತಿದ್ದರೆ ಗಿಯರಿನ ಪಿಚ್ (ಒಂದು ಇಂಚು ವ್ಯಾಸಕ್ಕೆ ಎಷ್ಟು ಹಲ್ಲು ಅನ್ನುವ ಲೆಕ್ಕ) ನೋಡಿ. 48 ಪಿಚ್ ಆದರೆ ಹಲ್ಲು ಸಣ್ಣದು, ಎತ್ತರ ಸುಮಾರು 1.2 ಮಿಲಿಮೀಟರ್ ಅಷ್ಟೇ. 32 ಪಿಚ್‌ನಲ್ಲಿ ಸುಮಾರು 1.8, ಸಣ್ಣ ಮರಳನ್ನು ಸಹಿಸಿಕೊಳ್ಳುತ್ತದೆ. ನಿಮ್ಮ ಮಾಡೆಲ್‌ಗೆ ಸಿಗುವುದಾದರೆ ಪಿನಿಯನ್, ಸ್ಪರ್ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದನ್ನೇ ಬದಲಿಸಿದರೆ ಕೂರುವುದಿಲ್ಲ. ಸ್ಪರ್ ಗಿಯರನ್ನು ಲೋಹದ್ದು ಮಾಡಲು ಹೋಗಬೇಡಿ. ಪ್ಲಾಸ್ಟಿಕ್ ಗಿಯರ್ ಅಗ್ಗ, ಅದು ಮುರಿಯದಿದ್ದರೆ ಏಟು ಡಿಫ್‌ಗೋ ಮೋಟರ್ ಶಾಫ್ಟಿಗೋ ಬೀಳುತ್ತದೆ. ಈಗಿನ ಗಿಯರಿನ ಮೇಲೆ ಅಚ್ಚಾಗಿರುವ ಹಲ್ಲಿನ ಸಂಖ್ಯೆ ಮತ್ತು ಪಿಚ್ ಬರೆದಿಟ್ಟುಕೊಂಡು, ಅದೇ ಅಳತೆಯ ಒಂದು ಹೆಚ್ಚುವರಿ ತರಿಸಿಡಿ.