ಪಾತ್ರ ಹಿನ್ನೆಲೆಯ ಮೇಲೆ ಸ್ಟಿಕ್ಕರ್ ಥರ ಕಾಣುತ್ತಿದ್ದರೆ ಏನು ಮಾಡಬೇಕು?

ನೀವು ಕೇಳಿದ್ದು ಇಷ್ಟು. ಅಡ್ವೆಂಚರ್ ಗೇಮ್ ಸ್ಟುಡಿಯೋ, ಅಂದರೆ ಎಜಿಎಸ್ ಅನ್ನುವ ಆಟ ಮಾಡುವ ತಂತ್ರಾಂಶ ಬಳಸಿ ಒಬ್ಬರೇ ಕೂತು ಒಂದು ಸಾಹಸ ಆಟ ಮಾಡುತ್ತಿದ್ದೀರಿ. ಕಥೆ ನಡೆಯುವುದು ಮಲೆನಾಡಿನ ಥರದ ಒಂದು ಮಾಯಾನಾಡಿನಲ್ಲಿ. ಹಿನ್ನೆಲೆ ಚಿತ್ರ ಬೇರೆಯಾಗಿ ನೋಡಿದರೆ ಚೆನ್ನಾಗಿದೆ, ನಾಯಕಿಯೂ ಚೆನ್ನಾಗಿದ್ದಾಳೆ. ಎರಡನ್ನೂ ಸೇರಿಸಿದರೆ ಮಾತ್ರ ಅವಳು ಅಂಟಿಸಿದ ಸ್ಟಿಕ್ಕರ್ ಹಾಗೆ ಕಾಣುತ್ತಾಳೆ. ಮೊದಲು ಎಲ್ಲ ಜಾಗ ಬರೆದು ಮುಗಿಸಬೇಕಾ, ಇಲ್ಲಾ ಎಲ್ಲ ಪಾತ್ರಗಳನ್ನಾ?

ಎರಡೂ ಬೇಡ. ಒಂದೇ ಒಂದು ಜಾಗ ತೆಗೆದುಕೊಳ್ಳಿ. ಅದರ ನೆಲ ಮೊದಲು ಬರೆಯಿರಿ. ಆ ನೆಲದ ಮೇಲೆ ನಾಯಕಿಯನ್ನು ನಿಲ್ಲಿಸಿ, ನಡೆಸಿ. ಆಮೇಲೆ ಮರ, ಮನೆ, ಬೆಟ್ಟ. ನಾನು ಇಂಥ ಉಚಿತ ಆಟಗಳಿಗೆ ಹಿನ್ನೆಲೆ ಬರೆದುಕೊಡುತ್ತಾ ಬಂದಿದ್ದೇನೆ, ಆಡುತ್ತಾ ಬಂದದ್ದು ಇನ್ನೂ ಜಾಸ್ತಿ. ಪಾತ್ರ ಮತ್ತು ಜಾಗವನ್ನು ಎರಡು ಬೇರೆ ಕೆಲಸ ಅಂತ ಹಂಚಿಕೊಂಡ ಕಡೆಯಲ್ಲೆಲ್ಲ ಈ ಸ್ಟಿಕ್ಕರ್ ಸಮಸ್ಯೆ ಬಂದೇ ಬರುತ್ತದೆ.

ಈ ಬಗೆಯ ಆಟ ಶುರುವಾದ ದಿನದಿಂದಲೂ ಎರಡೂ ಒಂದೇ ಕೆಲಸವೇ. 1984ರಲ್ಲಿ ಸಿಯೆರಾ ಕಂಪನಿಯ ರಾಬರ್ಟಾ ವಿಲಿಯಮ್ಸ್ ಮಾಡಿದ ಕಿಂಗ್ಸ್ ಕ್ವೆಸ್ಟ್ ಹೊಸದಾಗಿ ಕಂಡದ್ದು ಯಾಕೆ ಗೊತ್ತಾ? ಅದರಲ್ಲಿ ನಾಯಕ ಗ್ರಹಾಂ ಮರದ ಮುಂದೆಯೂ ಹೋಗುತ್ತಿದ್ದ, ಮರದ ಹಿಂದೆಯೂ ಹೋಗುತ್ತಿದ್ದ. ಅಗಲಕ್ಕೆ ಬರೀ 160 ಚುಕ್ಕಿ (ಪಿಕ್ಸೆಲ್), ಒಟ್ಟು 16 ಬಣ್ಣ. ಆದರೂ ಅದೊಂದು ಊರು ಅನ್ನಿಸುತ್ತಿತ್ತು. ಅದಕ್ಕೆ ಅವರು ಪ್ರತಿ ದೃಶ್ಯವನ್ನು ಎರಡು ಸಲ ಬರೆಯುತ್ತಿದ್ದರು. ಒಂದು ಕಣ್ಣಿಗೆ ಕಾಣುವ ಚಿತ್ರ. ಇನ್ನೊಂದು ಆಟಗಾರನಿಗೆ ಕಾಣದ ಚಿತ್ರ, ಯಾವುದು ಹತ್ತಿರ ಯಾವುದು ದೂರ ಅಂತ ಕಂಪ್ಯೂಟರಿಗೆ ಹೇಳುವುದಕ್ಕೆ.

ನೀವು ಬಳಸುವ ಎಜಿಎಸ್‌ನಲ್ಲೂ ಅದೇ ಉಪಾಯ ಇದೆ. ಕ್ರಿಸ್ ಜೋನ್ಸ್ ಅದನ್ನು 1997ರಲ್ಲಿ ಹೊರತಂದರು. ಅಲ್ಲಿ ಹಿನ್ನೆಲೆ ಒಂದು ಚಪ್ಪಟೆ ಚಿತ್ರ ಮಾತ್ರ. ಅದರ ಮೇಲೆ ನೀವು ಕಾಣದ ಪದರಗಳನ್ನು ಬಳಿಯಬೇಕು: ಎಲ್ಲಿ ನಡೆಯಬಹುದು, ಯಾವುದರ ಹಿಂದೆ ಮರೆಯಾಗಬೇಕು, ಯಾವುದನ್ನು ಕ್ಲಿಕ್ ಮಾಡಬಹುದು, ಎಲ್ಲಿ ಬೆಳಕು ಬದಲಾಗುತ್ತದೆ. ಈ ಪದರಗಳನ್ನು ಕೊನೆಗೆ ಮಾಡಿದರಾಯಿತು ಅಂತ ಬಿಡಬೇಡಿ. ನಡೆಯುವ ಪದರವನ್ನು ಮೊದಲೇ ಬಳಿಯಿರಿ, ಅದರ ಸುತ್ತ ಚಿತ್ರ ಬೆಳೆಸಿ. ಒಂದು ಚಿಕ್ಕ ವಿಷಯ: ಈ ಪದರವನ್ನು ಗೋಡೆಯ ಬುಡದವರೆಗೂ ಎಳೆಯಬೇಡಿ. ಎಜಿಎಸ್ ಲೆಕ್ಕ ಇಡುವುದು ಪಾದದ ಜಾಗ ಮಾತ್ರ. ಪಾದ ಗೋಡೆಗೆ ತಾಗಿದರೆ ಭುಜ ಗೋಡೆಯೊಳಗೆ ಹೋಗಿರುತ್ತದೆ.

ಈಗ ಅಳತೆ. ನನ್ನ ಪ್ರಕಾರ ನಿಮ್ಮ ತೊಂದರೆಯ ದೊಡ್ಡ ಪಾಲು ಇಲ್ಲೇ ಇದೆ. ನೀವು ಹಾಕಿದ ಚಿತ್ರದಲ್ಲಿ ನಾಯಕಿ ಮುಂದೆ ನಿಂತಾಗಲೂ ಹಿಂದೆ ನಿಂತಾಗಲೂ ಹೆಚ್ಚುಕಡಿಮೆ ಒಂದೇ ಎತ್ತರ. ಅಂದಾಜಿನಲ್ಲಿ ಚಿಕ್ಕದು ದೊಡ್ಡದು ಮಾಡುವ ಬದಲು ಲೆಕ್ಕ ಹಾಕಿ, ತುಂಬಾ ಸುಲಭ. ಪರದೆ 320 ಅಗಲ, 180 ಎತ್ತರ ಅಂದುಕೊಳ್ಳಿ. ಮೇಲಿನಿಂದ 60ನೇ ಗೆರೆಯಲ್ಲಿ ದಿಗಂತ. ನಾಯಕಿಯ ಪಾದ 160ನೇ ಗೆರೆಯಲ್ಲಿದ್ದಾಗ ಅವಳು 50 ಚುಕ್ಕಿ ಎತ್ತರ. ನೆಲ ಸಮತಟ್ಟಾಗಿದ್ದರೆ, ಪಾದ ದಿಗಂತದಿಂದ ಎಷ್ಟು ಕೆಳಗಿದೆಯೋ ಆ ಪ್ರಮಾಣದಲ್ಲೇ ಎತ್ತರ. ಪಾದ 140ಕ್ಕೆ ಹೋದರೆ ಅವಳು 40 ಚುಕ್ಕಿ. 110ಕ್ಕೆ ಹೋದರೆ 25, ಅಂದರೆ ಸರಿಯಾಗಿ ಅರ್ಧ. ಎಜಿಎಸ್‌ನಲ್ಲಿ ನಡೆಯುವ ಪದರಕ್ಕೆ ಮೇಲ್ತುದಿಯಲ್ಲಿ ಇಷ್ಟು ಶೇಕಡಾ, ಕೆಳತುದಿಯಲ್ಲಿ ಇಷ್ಟು ಅಂತ ಕೊಟ್ಟರೆ ನಡುವಿನದ್ದನ್ನು ಅದೇ ಸಮವಾಗಿ ಹಂಚುತ್ತದೆ. ಬಾಗಿಲಿಗೂ ಇದೇ ಲೆಕ್ಕ. 110ನೇ ಗೆರೆಯಲ್ಲಿ ನಿಂತ ಮನೆಯ ಬಾಗಿಲು 25 ಚುಕ್ಕಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಹವ್ಯಾಸಿ ಆಟಗಳಲ್ಲಿ ನಾಯಕನಿಗಿಂತ ಕುಳ್ಳಗಿರುವ ಬಾಗಿಲುಗಳನ್ನು ಎಷ್ಟೋ ನೋಡಿದ್ದೇನೆ. ಚಿತ್ರ ಎಷ್ಟೇ ಚೆನ್ನಾಗಿರಲಿ, ಅಲ್ಲಿಗೆ ನಂಬಿಕೆ ಹೋಯಿತು.

ಆದರೆ ಚುಕ್ಕಿಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿದರೆ ಮುಖವೇ ಕಲಸಿಹೋಗುತ್ತದೆ. ಕಣ್ಣು ಒಂದು ಚುಕ್ಕಿ, ಅದೂ ಮಾಯ. ಅದಕ್ಕೇ ನಾನು ದೃಶ್ಯದ ಆಳವನ್ನೇ ಕಡಿಮೆ ಇಡುತ್ತೇನೆ. ನಾಯಕಿ ನಡೆಯುವ ಜಾಗದಲ್ಲಿ ಅವಳ ಎತ್ತರ ಶೇಕಡಾ ನೂರರಿಂದ ಎಪ್ಪತ್ತೈದರವರೆಗೆ ಇಳಿದರೆ ಸಾಕು. ಅದಕ್ಕಿಂತ ಹಿಂದಿನದ್ದು ಬರೀ ನೋಟ, ಅಲ್ಲಿಗೆ ಅವಳು ಹೋಗುವುದಿಲ್ಲ. ಹೋಗಲೇಬೇಕಾದರೆ ದೂರದ ನಾಯಕಿಯನ್ನು ಚಿಕ್ಕದಾಗಿ ಬೇರೆಯೇ ಬರೆಯಿರಿ.

320 ಗುಣಿಸು 180 ಅಂತ ನಾನು ಹೇಳಿದ್ದು ಸುಮ್ನೆ ಅಲ್ಲ. ಆರರಿಂದ ಗುಣಿಸಿದರೆ ಸರಿಯಾಗಿ 1920, 1080 ಆಗುತ್ತದೆ. ಈಗಿನ ಸಾಮಾನ್ಯ ಪರದೆ ತುಂಬುತ್ತದೆ, ಒಂದು ಚುಕ್ಕಿಯೂ ಕೆಡುವುದಿಲ್ಲ. ಹಳೆಯ ಆಟಗಳ 320, 200 ಅಳತೆ ಆಗಿನ ಮಾನಿಟರುಗಳಲ್ಲಿ ಮೇಲಕ್ಕೆ ಸ್ವಲ್ಪ ಎಳೆದ ಹಾಗೆ ಕಾಣುತ್ತಿತ್ತು. ಅದೇ ಚಿತ್ರವನ್ನು ಈಗ ಹಾಗೇ ತೋರಿಸಿದರೆ ಪಾತ್ರಗಳು ಕುಳ್ಳ ಆಗುತ್ತವೆ. ಹಳೆಯ ಆಟದಿಂದ ಪಾತ್ರದ ಅಳತೆ ಕಲಿಯುವಾಗ ಇದು ನೆನಪಿರಲಿ.

ಇನ್ನು ಸ್ಟಿಕ್ಕರ್ ಅನ್ನಿಸುವುದಕ್ಕೆ ನೇರ ಕಾರಣಗಳು. ನಿಮ್ಮ ನಾಯಕಿಯ ಸುತ್ತ ಕಪ್ಪು ಗೆರೆ ಇದೆ, ಹಿನ್ನೆಲೆಯಲ್ಲಿ ಎಲ್ಲೂ ಗೆರೆ ಇಲ್ಲ. ಇಷ್ಟೇ ಸಾಕು ಅವಳು ಬೇರೆ ಲೋಕದವಳು ಅನ್ನಿಸುವುದಕ್ಕೆ. ಕಪ್ಪು ಗೆರೆಯ ಬದಲು ಸೀರೆಯ ಅಂಚಿಗೆ ಸೀರೆಯದೇ ಗಾಢ ಬಣ್ಣ, ಕೂದಲಿಗೆ ಕೂದಲಿನದೇ ಗಾಢ ಬಣ್ಣ ಹಾಕಿ. ಎರಡನೆಯದು ಬೆಳಕು. ಹಿನ್ನೆಲೆಯಲ್ಲಿ ಬಿಸಿಲು ಎಡದಿಂದ, ನಾಯಕಿಯ ಮುಖದ ಮೇಲೆ ಬಲದಿಂದ. ನಾಯಕಿ ಎಲ್ಲ ಜಾಗಗಳಿಗೂ ಹೋಗುವವಳಾದ್ದರಿಂದ ಅವಳಿಗೆ ಮೇಲಿನಿಂದ ಬೀಳುವ ಬೆಳಕನ್ನೇ ಕೊಡಿ, ಎಲ್ಲಿಗಾದರೂ ಹೊಂದುತ್ತದೆ. ಕತ್ತಲೆಯ ಗುಹೆಗೆ ಬಂದಾಗ ಎಜಿಎಸ್‌ನ ಬೆಳಕಿನ ಪದರದಿಂದ ಅವಳ ಮೇಲೆ ನೀಲಿ ಛಾಯೆ ಹಾಕಬಹುದು, ಹೊಸ ಚಿತ್ರ ಬೇಕಿಲ್ಲ. ಪಾದದ ಕೆಳಗೆ ಒಂದು ಮೊಟ್ಟೆಯಾಕಾರದ ಮಸುಕು ನೆರಳು ಹಾಕಿ. ಇಷ್ಟು ಸಣ್ಣ ಕೆಲಸ ಇಷ್ಟು ವ್ಯತ್ಯಾಸ ಮಾಡುತ್ತದಾ ಅಂತ ಆಶ್ಚರ್ಯ ಆಗುತ್ತದೆ.

ಮತ್ತೆ ನಡಿಗೆ. ಪಾದ ನೆಲದ ಮೇಲೆ ಜಾರಿದ ಹಾಗೆ ಕಂಡರೆ ಯಾವ ನೆರಳೂ ಅವಳನ್ನು ಉಳಿಸುವುದಿಲ್ಲ. ನಡಿಗೆಯ ಚಿತ್ರ ಬದಲಾದಾಗ ಮಾತ್ರ ಪಾತ್ರ ಮುಂದೆ ಸರಿಯುವ ಹಾಗೆ ಎಜಿಎಸ್‌ನಲ್ಲಿ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿ, ವೇಗವನ್ನು ಹೆಜ್ಜೆಯ ಅಗಲಕ್ಕೆ ಹೊಂದಿಸಿ.

ಬಣ್ಣಕ್ಕೆ ಒಂದೇ ಪರೀಕ್ಷೆ. ಸ್ಕ್ರೀನ್‌ಶಾಟ್ ತೆಗೆದು ಕಪ್ಪು ಬಿಳುಪು ಮಾಡಿ. ನಾಯಕಿ ತಕ್ಷಣ ಕಣ್ಣಿಗೆ ಬಿದ್ದರೆ ಸರಿ. ಹುಡುಕಬೇಕಾದರೆ ಹಿನ್ನೆಲೆಯ ಗದ್ದಲ ಜಾಸ್ತಿಯಾಗಿದೆ. ದೂರದ ಬೆಟ್ಟ ತಿಳಿಯಾಗುತ್ತಾ, ನೀಲಿಯಾಗುತ್ತಾ ಹೋಗಲಿ, ನಡುವೆ ಗಾಳಿ ಇದೆಯಲ್ಲ.

ನಿಮ್ಮ ಮಲೆನಾಡಿನ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಹೇಳಲೇಬೇಕು ಅನ್ನಿಸಿತು. ನೀವು ಬರೆದ ಊರಿನಲ್ಲಿ ಹೆಂಚಿನ ಮನೆ ಇದೆ, ಆದರೆ ಬೆಟ್ಟದ ಮೇಲೆ ಚೂಪು ಗೋಪುರದ ಕೋಟೆ, ಅದರ ಸುತ್ತ ಪೈನ್ ಮರ. ಅವು ನೀವು ಆಡಿದ ಆಟಗಳಿಂದ ಬಂದವು, ನೋಡಿದ ಜಾಗದಿಂದ ಅಲ್ಲ, ಅಲ್ವಾ? ಮಾಯಾನಾಡು ಅಂದರೆ ಯುರೋಪಿನ ಹಾಗೇ ಇರಬೇಕು ಅಂತೇನಿಲ್ಲ. ಯಾಣಕ್ಕೆ ಹೋಗಿ ನೋಡಿ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್. ಸುತ್ತ ಹಸಿರು ಕಾಡು, ನಡುವೆ ಕಪ್ಪು ಸುಣ್ಣಕಲ್ಲಿನ ಗೋಡೆ ಎದ್ದು ನಿಂತಿದೆ. ಅದರ ಬುಡದಲ್ಲಿ ನಿಂತ ಮನುಷ್ಯ ಎಷ್ಟು ಚಿಕ್ಕದಾಗಿ ಕಾಣುತ್ತಾನೆ ಅಂತ ಬರೆದುಕೊಳ್ಳಿ. ರಾಕ್ಷಸನ ಮನೆಗೆ ಅದಕ್ಕಿಂತ ಬೇರೆ ಏನು ಬೇಕು?

ಅಡಿಕೆ ತೋಟ ನಿಮಗೆ ಬಹಳ ಉಪಯೋಗದ್ದು. ತೆಳ್ಳಗಿನ ನೇರ ಕಾಂಡಗಳು ಸಾಲಾಗಿ ನಿಂತಿವೆ. ಪ್ರತಿಯೊಂದನ್ನೂ ಮರೆಯ ಪದರದಲ್ಲಿ ಬಳಿಯಿರಿ, ಪ್ರತಿ ಕಾಂಡದ ಬುಡ ಇರುವ ಗೆರೆಯನ್ನು ಎಜಿಎಸ್‌ಗೆ ಹೇಳಿ. ನಾಯಕಿಯ ಪಾದ ಆ ಗೆರೆಗಿಂತ ಮೇಲಿದ್ದರೆ ಕಾಂಡದ ಹಿಂದೆ, ಕೆಳಗಿದ್ದರೆ ಮುಂದೆ. ಅವಳು ತೋಟದೊಳಗೆ ನಡೆಯುವಾಗ ಕಂಡು, ಮರೆಯಾಗಿ, ಮತ್ತೆ ಕಾಣುತ್ತಾಳೆ. ಅಷ್ಟು ಆಳ ಬೇರೆ ಯಾವ ಮರವೂ ಕೊಡುವುದಿಲ್ಲ. ಜಂಬಿಟ್ಟಿಗೆಯ ಪಾಗಾರ, ಅದರ ಮೇಲಿನ ಪಾಚಿ, ಹಳ್ಳದ ಮೇಲೆ ಅಡಿಕೆ ಮರದ ಸಂಕ (ಕಾಲುಸೇತುವೆ): ಇವೆಲ್ಲ ಆಟದ ಒಗಟುಗಳಿಗೂ ಒದಗುತ್ತವೆ. ಮಳೆಗೆ ಸಂಕ ಕೊಚ್ಚಿಹೋಗಿದೆ ಅಂದರೆ ದಾಟುವುದು ಹೇಗೆ ಅನ್ನುವ ಪ್ರಶ್ನೆ ತಾನಾಗಿ ಹುಟ್ಟಿತು.

ಪಾತ್ರಗಳೂ ಅದೇ ಜಾಗದಿಂದ ಬರಲಿ. ಐವತ್ತು ಚುಕ್ಕಿಯಲ್ಲಿ ಮುಖ ಬರೆಯಲು ಆಗುವುದಿಲ್ಲ, ಆಕಾರ ಮಾತ್ರ ಬರೆಯಬಹುದು. ಗ್ರಹಾಂನನ್ನು ಗುರುತಿಸುವುದು ಗರಿ ಸಿಕ್ಕಿಸಿದ ಟೊಪ್ಪಿಯಿಂದ. ಯಕ್ಷಗಾನದಲ್ಲಿ ದೂರ ಕೂತವರಿಗೂ ಮುಂಡಾಸು, ಕಿರೀಟ ನೋಡಿದ ಕೂಡಲೇ ಯಾವ ವೇಷ ಅಂತ ಗೊತ್ತಾಗುತ್ತದೆ. ನಿಮ್ಮ ನಾಡಿನಲ್ಲಿ ಸದಾ ಮಳೆ ಅಂದಿದ್ದೀರಿ. ಹಾಗಾದರೆ ಕಂಬಳಿಕೊಪ್ಪೆ ಹಾಕಿದ ಮುದುಕ, ಮಳೆಗೆ ಬೆನ್ನು ಮುಚ್ಚುವ ಗೊರಬು ಹೊತ್ತು ನಾಟಿ ಮಾಡುವ ಹೆಂಗಸು. ಇಬ್ಬರನ್ನೂ ಬರೀ ಕಪ್ಪು ಬಣ್ಣದಲ್ಲಿ ತುಂಬಿದರೂ ಒಬ್ಬರನ್ನು ಇನ್ನೊಬ್ಬರು ಅಂದುಕೊಳ್ಳುವುದಿಲ್ಲ. ನೀವು ಈಗ ಬರೆದಿರುವ ಐದು ಊರಿನವರನ್ನು ಹೀಗೆ ಕಪ್ಪು ಮಾಡಿ ನೋಡಿ. ನನಗೆ ಅವರಲ್ಲಿ ಮೂವರು ಒಂದೇ ಥರ ಕಂಡರು.

ಆಕಾರ ಆದಮೇಲೆ ಅವರಿಗೊಂದು ಸ್ವಂತ ಬದುಕು ಬೇಕು. ಇದಕ್ಕೆ ಹವ್ಯಾಸಿಗಳೇ ಮಾಡಿದ ಒಂದು ಒಳ್ಳೆಯ ಉದಾಹರಣೆ ಇದೆ. 1985ರ ಎರಡನೇ ಕಿಂಗ್ಸ್ ಕ್ವೆಸ್ಟ್‌ನಲ್ಲಿ ಡ್ರಾಕುಲಾ ಬರುತ್ತಾನೆ. ಅವನು ಬರೀ ಒಂದು ಅಡ್ಡಿ. ಗೂಟ ಹೊಡೆದು ಕೊಂದು ಮುಂದೆ ಹೋಗಬೇಕು. ಅಭಿಮಾನಿಗಳ ಒಂದು ಗುಂಪು, ಈಗ ಎಜಿಡಿ ಇಂಟರಾಕ್ಟಿವ್ ಅನ್ನುವ ಹೆಸರಿನದು, 2002ರಲ್ಲಿ ಅದೇ ಆಟವನ್ನು ಎಜಿಎಸ್‌ನಲ್ಲಿ ಹೊಸದಾಗಿ ಮಾಡಿ ಉಚಿತವಾಗಿ ಕೊಟ್ಟಿತು. ಅವರು ಡ್ರಾಕುಲಾನನ್ನು ಕೌಂಟ್ ಕಾಲ್ಡಾರ್ ಅನ್ನುವ ಬೇರೆಯೇ ಮನುಷ್ಯನನ್ನಾಗಿ ಮಾಡಿದರು. ಅವನಿಗೆ ಮಾತಿದೆ, ಕಥೆಯಲ್ಲಿ ಜಾಗ ಇದೆ. ಬಣ್ಣ 16ರಿಂದ 256ಕ್ಕೆ ಹೋದದ್ದಕ್ಕಿಂತ ಇದೇ ನನಗೆ ದೊಡ್ಡ ಕೆಲಸ ಅನ್ನಿಸುತ್ತದೆ. ಮುಂದೆ ಅದೇ ಜನ ಕಂಪನಿ ಕಟ್ಟಿ, ಮೇಜಸ್ ಇನಿಶಿಯೇಶನ್ ಅನ್ನುವ ಸ್ವಂತ ಮಾಯಾನಾಡಿನ ಆಟವನ್ನು 2019ರಲ್ಲಿ ಮಾರಾಟಕ್ಕೆ ತಂದರು.

ಜಾಗವೇ ಪಾತ್ರದ ಮೇಲೆ ಕೆಲಸ ಮಾಡುವುದನ್ನು ನೋಡಬೇಕಾದರೆ ಹೀರೋಯಿನ್ಸ್ ಕ್ವೆಸ್ಟ್ ಆಡಿ. 2013ರದ್ದು, ಎಜಿಎಸ್‌ನಲ್ಲಿ ಮಾಡಿದ್ದು, ಉಚಿತ. ಉತ್ತರ ಯುರೋಪಿನ ಪುರಾಣದ ಹಿಮದ ನಾಡು. ಅಲ್ಲಿ ಹಿಮ ಬರೀ ಅಂದಕ್ಕಲ್ಲ, ನಾಯಕಿ ಚಳಿಯನ್ನೂ ಹಸಿವನ್ನೂ ತಡೆದುಕೊಳ್ಳಬೇಕು. ನಿಮ್ಮ ಮಳೆಗೂ ಅಂಥದ್ದೊಂದು ಕೆಲಸ ಕೊಡಿ. ಗೊರಬು ಇಲ್ಲದೆ ಗದ್ದೆ ದಾಟಿದರೆ ಚೀಲದಲ್ಲಿದ್ದ ಓಲೆ ನೆನೆದು ಅಕ್ಷರ ಅಳಿಸಿಹೋಗಲಿ. ಆ ಹೆಂಗಸಿನ ಜೊತೆ ಮಾತಾಡಿ ಗೊರಬು ಕೇಳಿ ಪಡೆಯಬೇಕು. ನೋಡಿ, ಮಳೆ, ಗದ್ದೆ, ಹೆಂಗಸು, ಓಲೆ ಎಲ್ಲ ಒಂದಕ್ಕೊಂದು ಸೇರಿಕೊಂಡವು.

ಮಾತುಗಳು ಕನ್ನಡದಲ್ಲೇ ಇರಬೇಕು ಅಂತಿದ್ದರೆ ದೃಶ್ಯ ಬರೆಯುವ ಮೊದಲೇ ಎಜಿಎಸ್‌ನಲ್ಲಿ ಒಂದು ವಾಕ್ಯ ಹಾಕಿ ನೋಡಿ, ಒತ್ತಕ್ಷರಗಳು ಸರಿಯಾಗಿ ಕೂರುತ್ತವಾ ಅಂತ. ಕೂರದಿದ್ದರೆ ಗೊಡೋ ಅನ್ನುವ ಇನ್ನೊಂದು ಆಟ ಮಾಡುವ ತಂತ್ರಾಂಶದ 4ನೇ ಆವೃತ್ತಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ಅದೂ ಉಚಿತ. ಆದರೆ ಎಜಿಎಸ್‌ನಲ್ಲಿ ಸಿದ್ಧವಾಗಿ ಸಿಗುವ ಪದರಗಳನ್ನು ಅಲ್ಲಿ ನೀವೇ ಕಟ್ಟಿಕೊಳ್ಳಬೇಕು.

ಅಡಿಕೆ ತೋಟದ ದೃಶ್ಯದಿಂದ ಶುರು ಮಾಡಿ. ನಾಯಕಿ ಮುಂದೆ, ನಡುವೆ, ಹಿಂದೆ ನಿಂತ ಮೂರು ಸ್ಕ್ರೀನ್‌ಶಾಟ್ ಇದೇ ಪ್ರಶ್ನೆಯ ಕೆಳಗೆ ಹಾಕಿ. ದಿಗಂತದ ಗೆರೆ ಎಷ್ಟರಲ್ಲಿದೆ ಅಂತಲೂ ಬರೆಯಿರಿ. ಅಳತೆ ಸರಿ ಇದೆಯಾ ನಾನು ನೋಡಿ ಹೇಳುತ್ತೇನೆ.