ಮರೆವಿನ ಕಾಯಿಲೆ ಇಲ್ದಿದ್ರೂ ಮೆದುಳಿನ ಸ್ಕ್ಯಾನ್ ಮಾಡಿಸ್ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಂಗೆ 67 ವರ್ಷ, ರಿಟೈರ್ಡ್ ಟೀಚರ್. ನಮ್ಮಮ್ಮಂಗೆ ಅಲ್ಝೈಮರ್ ಇತ್ತು, ಕೊನೆಕೊನೆಗೆ ನನ್ನನ್ನೇ "ಯಾರಮ್ಮ ನೀನು" ಅಂತ ಕೇಳ್ತಿದ್ರು. ನಾನು ಬ್ಯಾಂಕು, ಅಡುಗೆ, ಮನೆ ಲೆಕ್ಕ ಎಲ್ಲಾ ಸರಿಯಾಗೇ ನೋಡ್ಕೋತೀನಿ, ಆದ್ರೆ ಗೊತ್ತಿರೋರ ಹೆಸ್ರು ಕೆಲವೊಮ್ಮೆ ತಕ್ಷಣ ಬಾಯಿಗೆ ಬರಲ್ಲ. ಅಮೆರಿಕದಲ್ಲಿರೋ ಮಗ "ಅಮಿಲಾಯ್ಡ್ ಪೆಟ್ ಸ್ಕ್ಯಾನ್ ಮಾಡ್ಸಮ್ಮ, ಮೊದ್ಲೇ ಗೊತ್ತಾಗತ್ತೆ" ಅಂತಾನೆ. ಮಾಡಿಸ್ಲಾ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಡಮ್ಮ, ಸದ್ಯಕ್ಕಂತೂ ಬೇಡ. ಅಮ್ಮನ್ನ ಆ ಸ್ಥಿತೀಲಿ ನೋಡಿದ ಮೇಲೆ ನಿಮಗೆ ಹೆದ್ರಿಕೆ ಆಗೋದು ಸಹಜ, ಮಗನ ಮಾತೂ ಸುಳ್ಳಲ್ಲ. ಅಲ್ಝೈಮರ್‌ನಲ್ಲಿ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಮೆದುಳಲ್ಲಿ ಸೇರ್ಕೊಳ್ಳೋಕೆ ಶುರುವಾಗೋದು ಮರೆವು ಕಾಣೋಕೆ ಹದಿನೈದು ಇಪ್ಪತ್ತು ವರ್ಷ ಮುಂಚೆ. ಮೊದ್ಲೆಲ್ಲ ಇದನ್ನ ಖಚಿತವಾಗಿ ನೋಡ್ಬೇಕಂದ್ರೆ ಸತ್ತ ಮೇಲೆ ಮೆದುಳು ಕುಯ್ದೇ ನೋಡ್ಬೇಕಿತ್ತು. ಪಿಟ್ಸ್‌ಬರ್ಗ್ ಯೂನಿವರ್ಸಿಟಿಯ ಕ್ಲಂಕ್ ಮತ್ತು ಮ್ಯಾಥಿಸ್ ಅಮಿಲಾಯ್ಡಿಗೆ ಹೋಗಿ ಅಂಟ್ಕೊಳ್ಳೋ ಒಂದು ಪದಾರ್ಥ ಮಾಡಿದ್ರು, 2002ರಲ್ಲಿ ಸ್ವೀಡನ್‌ನ ಉಪ್ಸಾಲಾದಲ್ಲಿ ಮೊದಲ ಸಲ ರೋಗಿಗೆ ಅದನ್ನ ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದ್ರು, ಬದುಕಿರೋರ ಮೆದುಳಲ್ಲೇ ಅಮಿಲಾಯ್ಡ್ ಕಾಣ್ತು. ನಿಜಕ್ಕೂ ದೊಡ್ಡ ಕೆಲಸ ಅದು.

ಆದ್ರೆ ಆಮೇಲೆ ಆರೋಗ್ಯವಾಗಿರೋ ವಯಸ್ಸಾದವರನ್ನ ಸ್ಕ್ಯಾನ್ ಮಾಡ್ತಾ ಹೋದ್ರೆ, 65 ದಾಟಿ ನೆನಪು ಚೆನ್ನಾಗೇ ಇರೋರಲ್ಲೂ ಹೆಚ್ಚುಕಮ್ಮಿ ನಾಲ್ಕರಲ್ಲೊಬ್ಬರಿಗೆ ಅಮಿಲಾಯ್ಡ್ ಇದೆ, ಅವರಲ್ಲಿ ಎಷ್ಟೋ ಜನ ಮರೆವಿನ ಕಾಯಿಲೆ ಬರದೇನೇ ಬದುಕು ಮುಗಿಸ್ತಾರೆ. ಅಂದ್ರೆ ಪಾಸಿಟಿವ್ ಬಂದ್ರೆ ಅಪಾಯ ಜಾಸ್ತಿ ಅನ್ನಬಹುದು ಅಷ್ಟೇ, ನಿಮಗೆ ಬಂದೇ ಬರತ್ತಾ, ಯಾವಾಗ ಬರತ್ತೆ ಅಂತ ಹೇಳೋಕಾಗಲ್ಲ. ನೆನಪಿನ ತೊಂದರೆಗೆ ಇನ್ನೂ ಹತ್ತಿರದ ಸಂಬಂಧ ಇರೋದು ಟೌ ಅನ್ನೋ ಇನ್ನೊಂದು ಪ್ರೋಟೀನಿಗೆ, ಅದಕ್ಕೆ ಬೇರೆಯದೇ ಸ್ಕ್ಯಾನ್.

ಇನ್ನು ಪಾಸಿಟಿವ್ ಬಂತು ಅಂತಾನೇ ಇಟ್ಕೊಳ್ಳಿ, ಮುಂದೇನು? ಹೀಗೆ ಲಕ್ಷಣ ಇಲ್ದೆ ಅಮಿಲಾಯ್ಡ್ ಮಾತ್ರ ಕಂಡ ಸಾವಿರಕ್ಕೂ ಹೆಚ್ಚು ಜನರ ಮೇಲೆ ಎ4 ಅನ್ನೋ ಟ್ರಯಲ್‌ನಲ್ಲಿ ಅಮಿಲಾಯ್ಡ್ ವಿರುದ್ಧದ ಸೊಲಾನೆಜುಮ್ಯಾಬ್ ಔಷಧಿ ವರ್ಷಗಟ್ಟಲೆ ನೋಡಿದ್ರು, 2023ರಲ್ಲಿ ಬಂದ ಫಲಿತಾಂಶ ನೋಡಿದ್ರೆ ನೆನಪು ಕುಂದೋದು ನಿಧಾನ ಆಗಿರ್ಲಿಲ್ಲ. ಲೆಕಾನೆಮ್ಯಾಬ್ ಅಂತ ಈಗ ಬಂದಿರೋ ಔಷಧಿ ಲಕ್ಷಣ ಶುರುವಾದವರಿಗೆ ಮಾತ್ರ. ನಿಮ್ಮ ಕೈಗೆ ಸಿಗೋದು ದುಡ್ಡು ಕೊಟ್ಟು ತಂದ್ಕೊಂಡ ಚಿಂತೆ, ಒಂದು ಹೆಸ್ರು ಮರೆತ್ರೂ ರಾತ್ರಿಯೆಲ್ಲ ನಿದ್ದೆ ಇರಲ್ಲ.

ಅದ್ರ ಬದ್ಲು ಬಿ12, ಥೈರಾಯ್ಡ್, ಶುಗರ್ ಟೆಸ್ಟ್ ಮಾಡ್ಸಿ, ಬಿಪಿ ಹಿಡಿತದಲ್ಲಿಡಿ. ಕಿವಿ ಮಂದ ಆಗಿದ್ರೆ ದಯವಿಟ್ಟು ಮಷೀನ್ ಹಾಕಿಸ್ಕೊಳ್ಳಿ, ನಮ್ಮಲ್ಲಿ ಇದನ್ನ ನಾಚ್ಕೊಂಡು ಮುಂದೂಡೋರೇ ಜಾಸ್ತಿ, ಆದ್ರೆ ಕಿವುಡುತನಾನೂ ಮರೆವಿನ ಕಾಯಿಲೆಗೆ ದಾರಿ ಮಾಡೋ ಕಾರಣಗಳಲ್ಲಿ ಒಂದು.

ಈ ಸಂಶೋಧನೆ ನಮ್ಮ ಜನರ ಮೇಲೂ ಆಗ್ಬೇಕು, ಆಗ್ತಾನೂ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿರೋ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಆರೋಗ್ಯವಂತರನ್ನ ಎಂಆರ್‌ಐ, ರಕ್ತ, ನೆನಪಿನ ಪರೀಕ್ಷೆ ಎಲ್ಲಾ ಮಾಡ್ತಾ ವರ್ಷಗಳ ಕಾಲ ಗಮನಿಸ್ತಿದ್ದಾರೆ.

ಹೆಸ್ರು ಮರೆತು ಸ್ವಲ್ಪ ಹೊತ್ತಾದ್ಮೇಲೆ ಹೊಳೆದ್ರೆ ಅದು ವಯಸ್ಸಿಂದು. ಹೇಳಿದ್ದನ್ನೇ ಹತ್ತು ನಿಮಿಷಕ್ಕೆ ಮತ್ತೆ ಹೇಳೋದು, ಓಡಾಡಿದ ರಸ್ತೆಯಲ್ಲೇ ದಾರಿ ತಪ್ಪೋದು, ಸಾರು ಮಾಡೋ ಕ್ರಮವೇ ಗೊಂದಲ ಆಗೋದು ಶುರುವಾದ್ರೆ ಮಾತ್ರ ತಡ ಮಾಡ್ದೆ ನರರೋಗ ತಜ್ಞರ ಹತ್ರ ಹೋಗಿ, ಹೋಗುವಾಗ ಜೊತೇಲಿರೋರನ್ನೂ ಕರ್ಕೊಂಡು ಹೋಗಿ, ಇಂಥ ಬದಲಾವಣೆ ನಮಗಿಂತ ಮೊದ್ಲು ಅವರ ಕಣ್ಣಿಗೇ ಬೀಳೋದು.