ಸುಣ್ಣದ ಮಡಕೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕೋಲಾರ ತಾಲ್ಲೂಕಿನ ಹಳ್ಳಿಯೊಂದರ ನಿವೃತ್ತ ಚಿತ್ರಕಲಾ ಮೇಷ್ಟ್ರು, ವಯಸ್ಸು 62. ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದವರು ಮಗಳು. ಮೇಷ್ಟ್ರಿಗೆ ಊರಿನಲ್ಲಿ ಯಾರೊಂದಿಗೂ ಮಾತಿಲ್ಲ. ಸಂಜೆ ಕೆರೆ ಏರಿಯ ಮೇಲೆ ನಡೆಯುವುದನ್ನೂ ಬಿಟ್ಟಿದ್ದರು. ಬೇಲಿಯಲ್ಲಿದ್ದ ಹೊಂಗೆ ಮರವನ್ನು ಪಕ್ಕದ ಮನೆಯವರು ಕಡಿಸಿದ ದಿನದಿಂದ ಹೀಗೆ. ಇಬ್ಬರೂ ಮೂವತ್ತು ವರ್ಷ ಒಂದೇ ಜಗಲಿಯಲ್ಲಿ ಕೂತು ಪತ್ರಿಕೆ ಓದಿದವರು.

ನಿದ್ದೆ, ಊಟ, ಸಾಯುವ ಯೋಚನೆ ಮೂರನ್ನೂ ನೇರವಾಗಿ ಕೇಳಿದೆ. ಮೂರನೆಯದು ಇರಲಿಲ್ಲ. ನಿದ್ದೆ ಕೆಟ್ಟು ಎರಡು ತಿಂಗಳಾಗಿತ್ತು. ಮನೋವೈದ್ಯರ ಬಳಿ ಕಳುಹಿಸಿದೆ. ಅಪರಾತ್ರಿಯಲ್ಲಿ ಕಂಗೆಟ್ಟರೆ ಇರಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಬರೆದುಕೊಟ್ಟೆ. ಬಣ್ಣ ಬಳಿದರೆ ಖಿನ್ನತೆ ಹೋಗುತ್ತದೆ ಎಂದು ನಾನು ಯಾರಿಗೂ ಹೇಳುವವಳಲ್ಲ.

ಮೂರನೆಯ ಭೇಟಿಯಲ್ಲಿ ಕೆರೆಯ ಮಾತು ಬಂತು. "ಅದು ನಮ್ಮ ಕೆರೆಯಲ್ಲ ಬಿಡಿ ಮೇಡಂ, ಬೆಂಗಳೂರಿನ ನೀರು" ಎಂದರು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಕೆರೆಯಿಂದ ಕೆರೆಗೆ ದಾಟುತ್ತಾ ಇವರ ಊರನ್ನೂ ಮುಟ್ಟಿದೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಹರಿಸುವ ನೀರು, ಅಂತರ್ಜಲಕ್ಕೆಂದು. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿದೆ. ಊರಿಗೆ ಅದು ಇನ್ನೂ ನೆಂಟರ ಮನೆಯ ಸಾಮಾನಿನಂತೆ.

ತೂಬಿನ ಕಲ್ಲುಗಳ ಮೇಲೆ ಎಣ್ಣೆ ಬಣ್ಣದಲ್ಲಿ ದೊಡ್ಡ ಚಿತ್ರ ಬರೆಯುವ ಆಸೆ ಮೇಷ್ಟ್ರದು. ಬೇಡವೆಂದೆ. ಹಳೆಯ ಕಲ್ಲು ಕೆಡುತ್ತದೆ; ಒಬ್ಬರೇ ಬರೆದರೆ ಊರು ನಿಂತು ನೋಡಿ ಮನೆಗೆ ಹೋಗುತ್ತದೆ. ಪಂಚಾಯಿತಿಯನ್ನು ಕೇಳಿ ಹಾಳುಬಿದ್ದ ಪಂಪ್‌ಹೌಸ್ ಗೋಡೆ ಹಿಡಿಯಿರಿ, ಮಕ್ಕಳನ್ನು ಕರೆಯಿರಿ ಎಂದೆ. ಮಕ್ಕಳು ನೀರಿಗಿಳಿಯಬಾರದು. ಮೊದಲ ವಾರ ಕುಂಚ ಮುಟ್ಟಬಾರದು, ಏರಿಯ ಮೇಲೆ ಕೂತು ನೋಡಬೇಕು. ಫ್ಲೆಕ್ಸ್, ಬಹುಮಾನ ಯಾವುದೂ ಬೇಡ. ಮುಖ್ಯವಾಗಿ, ಅಂಗಡಿಯಿಂದ ಏನನ್ನೂ ತರಬಾರದು: ಕೆಮ್ಮಣ್ಣು ಒಂದು ಮನೆಯಿಂದ, ಇದ್ದಿಲು ಇನ್ನೊಂದರಿಂದ, ಕೇಳಿಯೇ ಪಡೆಯಬೇಕು. ಮೇಷ್ಟ್ರಿಗೆ ಇದೇ ಕಷ್ಟವಾಯಿತು. ಕೊಡುವುದು ಅವರಿಗೆ ಗೊತ್ತು, ಕೇಳುವುದು ಗೊತ್ತಿಲ್ಲ.

ಮೊದಲ ಭಾನುವಾರ ಬಂದದ್ದು ಮೂರೇ ಮಕ್ಕಳು. ಅವರಿಗೆ ಬಿಳಿಯದೆಲ್ಲ ಕೊಕ್ಕರೆ, ಕಪ್ಪಗಿದ್ದದ್ದೆಲ್ಲ ಕಾಗೆ. ಕುರಿ ಮೇಯಿಸುವ ಅಜ್ಜಿಯೊಬ್ಬರು ನಿಂತು ಮಿಂಚುಳ್ಳಿ, ನೀರುಕಾಗೆ, ನಾಮದ ಕೋಳಿ ಎಂದು ತೋರಿಸಿಕೊಟ್ಟರಂತೆ. ಮುಂದಿನ ವಾರ ಹನ್ನೊಂದು ಮಕ್ಕಳು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ ಎಂದು ಮೇಷ್ಟ್ರು ಹೇಳಿದಾಗ ಎಲ್ಲರಿಗೂ ಸುಣ್ಣ ಬೇಕಾಯಿತು.

ಸುಣ್ಣ ನೆನೆಸಿದ ಮಡಕೆ ಇದ್ದದ್ದು ಪಕ್ಕದ ಮನೆಯಲ್ಲಿ. ಮಗಳು ಹೇಳಿದ್ದರಿಂದ ನನಗದು ಮೊದಲೇ ತಿಳಿದಿತ್ತು. ಬಾಯಿ ಬಿಡದಿದ್ದದ್ದು ಸರಿಯೇ ಎಂದು ಈಗಲೂ ಅನುಮಾನ.

ಮೂರು ವಾರ ತಡೆದು ಮೇಷ್ಟ್ರು ಹೋಗಿ ಕೇಳಿದರು. ಪಕ್ಕದ ಮನೆಯವರು ಮಾತಿಲ್ಲದೆ ಮಡಕೆ ತಂದಿಟ್ಟರು. ನಾಲ್ಕು ದಿನದ ನಂತರ ಗೋಡೆಯ ಬಳಿ ಬಂದು, "ಮೇಷ್ಟ್ರೇ, ಗೋಂದು ಹಾಕಿಲ್ಲ ನೀವು, ಮುಟ್ಟಿದರೆ ಕೈಗೆ ಬರುತ್ತದೆ" ಎಂದರಂತೆ. ಮರದ ಮಾತು ಇಬ್ಬರೂ ಎತ್ತಿಲ್ಲ.

ನಿದ್ದೆ ಸುಧಾರಿಸಿದೆ, ಮಾತ್ರೆ ಮುಂದುವರಿದಿದೆ. ಮೊನ್ನೆ ಮೇಷ್ಟ್ರು, "ಮಡಕೆಯನ್ನು ಹುಡುಗನ ಕೈಯಲ್ಲಿ ಕಳುಹಿಸಿಬಿಡಲೇ?" ಎಂದು ಕೇಳಿದರು. ನೀವೇ ಹೋಗಿ, ಬೆಳಿಗ್ಗೆ ಪತ್ರಿಕೆ ಬರುವ ಹೊತ್ತಿಗೆ ಹೋಗಿ ಎಂದಿದ್ದೇನೆ.